ಅರ್ಧಕ್ಕೆ ನಿಂತ ಕೌದಿಗಳನ್ನು ಮುಗಿಸುವುದು: ಯಾವುದರಿಂದ ಆರಂಭಿಸಬೇಕು?

ನವಲಗುಂದದ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರದು ಕೌದಿ ಹೊಲಿಯುವುದರಲ್ಲಿ ಪಳಗಿದ ಕೈ. ಅವರು ತೀರಿಕೊಂಡ ಮೇಲೆ ಊರಿನ ಮನೆಯ ಅಟ್ಟದಲ್ಲಿದ್ದ ಟ್ರಂಕನ್ನು ಬೆಂಗಳೂರಿಗೆ ತಂದುಕೊಂಡಿದ್ದೇವೆ. ಅದರಲ್ಲಿ ಮುಗಿಯದ ಕೆಲಸಗಳೇ ಹೆಚ್ಚು. ಒಂದು ಕೌದಿ ಮೂರರಲ್ಲಿ ಎರಡು ಪಾಲು ಹೊಲಿದಾಗಿದ್ದು, ಒಂದು ತುದಿ ಮಾತ್ರ ಬಿಡಿಬಿಡಿಯಾಗಿ ಉಳಿದಿದೆ. ಅದರ ಅಡಿಯಲ್ಲಿರುವುದು ಹಳೆಯ ಇಳಕಲ್ ಸೀರೆ, ಸೆರಗಿನ ಸಮೇತ. ಇನ್ನೊಂದರಲ್ಲಿ ತೇಪೆಗಳನ್ನು ಜೋಡಿಸಿ ಸೇಫ್ಟಿ ಪಿನ್ನು ಚುಚ್ಚಿಟ್ಟಿದ್ದಾರೆ, ಹೊಲಿಗೆ ಇನ್ನೂ ಬಿದ್ದಿಲ್ಲ, ಪಿನ್ನುಗಳೆಲ್ಲ ತುಕ್ಕು ಹಿಡಿದಿವೆ. ಇವುಗಳ ಜೊತೆಗೆ ಕತ್ತರಿಸಿಟ್ಟ ತುಂಡುಬಟ್ಟೆಗಳ ದೊಡ್ಡ ಗಂಟೊಂದಿದೆ. ಅದರಲ್ಲಿ ನೂಲಿನ ಬಟ್ಟೆಯೂ ಇದೆ, ಪಾಲಿಯೆಸ್ಟರ್ ಸೀರೆಯ ಚೂರುಗಳೂ ಇವೆ.

ಇಷ್ಟು ಸಾಲದೆಂಬಂತೆ ನಾನೇ ಹೊಲಿಗೆ ಯಂತ್ರದಲ್ಲಿ ಆರಂಭಿಸಿದ ಒಂದು ಕ್ವಿಲ್ಟ್ ಕೂಡ ಕಪಾಟಿನಲ್ಲಿದೆ. ಮೇಲುಬಟ್ಟೆ, ನಡುವೆ ಹತ್ತಿಯ ಪದರ, ಅಡಿಗೆ ಅಸ್ತರು ಸೇರಿಸಿ ಕೆಲವು ಸಾಲು ಹೊಲಿದಿದ್ದೇನೆ. ಹಿಂಬದಿಯಲ್ಲಿ ಅಲ್ಲಲ್ಲಿ ನೆರಿಗೆ ಬಿದ್ದಿದೆ.

ಇವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು? ಅತ್ತೆಯವರ ಹೊಲಿಗೆಯನ್ನು ಬಿಚ್ಚಿ ಹೊಸದಾಗಿ ಹೊಲಿಯಬೇಕೇ, ಅಥವಾ ಅವರು ನಿಲ್ಲಿಸಿದಲ್ಲಿಂದಲೇ ಮುಂದುವರಿಸಬಹುದೇ? ಹಳೆಯ ಬಟ್ಟೆಗೆ ಯಾವ ದಾರ ಸೂಕ್ತ? ಹೊಲಿಯುವ ಮೊದಲು ಒಗೆಯಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಧಾರವಾಡದ ಸೂಜಿ (ಉತ್ತರ)

ಮೂರರಲ್ಲಿ ಎರಡು ಪಾಲು ಮುಗಿದಿರುವುದನ್ನೇ ಮೊದಲು ತೆಗೆದುಕೊಳ್ಳಿ. ಅಂದವಾದದ್ದು ಯಾವುದು, ಅಕ್ಕರೆಯದು ಯಾವುದು ಎಂದು ತೂಗುತ್ತ ಕುಳಿತರೆ ಟ್ರಂಕು ಮತ್ತೆ ಅಟ್ಟಕ್ಕೇ ಹೋಗುತ್ತದೆ. ಆದರೆ ಸೂಜಿ ಹಿಡಿಯುವ ಮುನ್ನ ಬಟ್ಟೆಗೆ ಇನ್ನೂ ಕಸುವಿದೆಯೇ ಎಂದು ನೋಡಲೇಬೇಕು. ಎರಡೂ ಹೆಬ್ಬೆರಳುಗಳನ್ನು ಒಂದರ ಪಕ್ಕ ಒಂದಿಟ್ಟು ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮೆಲ್ಲಗೆ ಜಗ್ಗಿ. ಗಟ್ಟಿ ಬಟ್ಟೆ ಜಗ್ಗಿದರೂ ಸುಮ್ಮನಿರುತ್ತದೆ. ಜೀರ್ಣವಾದ ಬಟ್ಟೆ ಸಣ್ಣಗೆ ಪರ್ ಎಂದು ಸದ್ದು ಮಾಡಿ ಎಳೆ ಬಿಡುತ್ತದೆ. ಮಡಿಕೆಯ ಗೆರೆಗಳ ಮೇಲೆ ಈ ಪರೀಕ್ಷೆಯನ್ನು ತಪ್ಪದೆ ಮಾಡಿ, ಏಕೆಂದರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ಬಟ್ಟೆ ಮೊದಲು ಸೀಳುವುದು ಅಲ್ಲಿಯೇ. ಗಂಜಿ ಹಾಕಿದ ಸೀರೆಗಳಾಗಿದ್ದರೆ ಹುಳು ತಿಂದ ತೂತುಗಳನ್ನೂ ಹುಡುಕಿ. ಗಂಜಿಯ ಆಸೆಗೆ ಬರುವ ಹುಳುಗಳು ಬಟ್ಟೆಯನ್ನೂ ಕೆರೆದು ಹಾಕುತ್ತವೆ.

ಹೊಲಿದ ಭಾಗ ಗಟ್ಟಿಯಿದ್ದರೆ ಅತ್ತೆಯವರ ಹೊಲಿಗೆಯ ಒಂದು ಎಳೆಯನ್ನೂ ಬಿಚ್ಚಬೇಡಿ. ಹಳೆಯ ಬಟ್ಟೆಯಿಂದ ದಾರ ಎಳೆದರೆ ಸೂಜಿಯ ತೂತುಗಳು ದೊಡ್ಡದಾಗಿ, ಅದೇ ಜಾಗದಲ್ಲಿ ಮತ್ತೆ ಹೊಲಿದರೆ ಬಟ್ಟೆ ಹರಿಯುವ ಸಂಭವವಿದೆ. ದಾರ ತುಂಡಾದ ಕಡೆ ಮಾತ್ರ, ಉಳಿದಿರುವ ಸಾಲಿನ ಮೇಲೆ ಎರಡು ಬೆರಳಗಲದಷ್ಟು ಹಿಂದಿನಿಂದ ಆರಂಭಿಸಿ, ಹಳೆಯ ಹೊಲಿಗೆಗಳ ನಡುವಿನ ಖಾಲಿ ಜಾಗದಲ್ಲಿ ನಿಮ್ಮ ಹೊಲಿಗೆ ಬೀಳುವಂತೆ ಸಾಗಿಸಿ. ಅವರ ಸಾಲುಗಳ ನಡುವಿನ ಅಂತರವನ್ನು ಅಳೆದುಕೊಂಡು, ಬಿಡಿಯಾಗಿರುವ ತುದಿಯ ಮೇಲೆ ಟೈಲರ್ ಚಾಕಿನಿಂದ ಗೆರೆ ಹಾಕಿಕೊಂಡರೆ ಸಾಲು ಸೊಟ್ಟಗಾಗುವುದಿಲ್ಲ. ಬಾಲ್ ಪೆನ್ನಿನಿಂದ ಮಾತ್ರ ಗೆರೆ ಹಾಕಬೇಡಿ. ಇಷ್ಟೆಲ್ಲ ಮಾಡಿದರೂ ನಿಮ್ಮ ಹೊಲಿಗೆಯ ಉದ್ದ ಅವರದಕ್ಕಿಂತ ಬೇರೆಯಾಗಿಯೇ ಕಾಣುತ್ತದೆ, ಅದಕ್ಕೆ ಕೊರಗಬೇಕಿಲ್ಲ. ಕೌದಿಯನ್ನು ನೆಲಕ್ಕೆ ಹಾಸಿ ನಾಲ್ಕು ದಿಕ್ಕಿಗೆ ನಾಲ್ವರು ಕುಳಿತು ಹೊಲಿಯುವ ರೂಢಿ ನಮ್ಮ ಕಡೆ ಇರುವಾಗ ಒಂದೇ ಕೈಯ ಕೌದಿ ಎಲ್ಲಿಂದ ಬರಬೇಕು?

ದಾರ ನೂಲಿನದೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿ ಎಂದು ಅಂಗಡಿಯವರು ಹೇಳುವುದು ನಿಜವೇ. ಆದರೆ ಅದು ನಿಮ್ಮ ಬಟ್ಟೆಗಿಂತ ಗಟ್ಟಿ ಎಂಬುದೇ ತೊಂದರೆ. ಕೌದಿಯನ್ನು ಎಳೆದಾಡಿದಾಗ, ತೊಯ್ದು ಭಾರವಾದಾಗ, ಅಂಥ ದಾರ ತಾನು ಹರಿಯದೆ ಬಟ್ಟೆಯನ್ನೇ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ತೇಪೆಯೇ ಗತಿ. ನೂಲಿನ ದಾರಕ್ಕೆ ಒಂದು ಸಲ ಜೇನುಮೇಣ ಸವರಿಕೊಂಡರೆ ಸಿಕ್ಕಾಗುವುದಿಲ್ಲ, ನಾಲ್ಕೈದು ಪದರಗಳಲ್ಲಿ ಸಲೀಸಾಗಿ ಜಾರುತ್ತದೆ. ದಬ್ಬಣದಂಥ ದಪ್ಪ ಸೂಜಿ ಹಳೆಯ ಬಟ್ಟೆಗೆ ಬೇಡ. ಉದ್ದವಾದ, ತೆಳುವಾದ ಸೂಜಿ ತೆಗೆದುಕೊಳ್ಳಿ.

ಇಳಕಲ್ ಸೀರೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಒಡಲು ನೂಲಿನದಾಗಿದ್ದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ, ಮತ್ತು ಒಡಲಿನ ಹಾಸುನೂಲಿಗೆ, ಅಂದರೆ ನೇಯ್ಗೆಯ ಉದ್ದ ಎಳೆಗಳಿಗೆ, ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಕೊಂಡಿಯ ಸಾಲಿನ ಹತ್ತಿರ ಕತ್ತರಿ ಆಡಿಸಬೇಡಿ. ಕತ್ತರಿಸಲೇಬೇಕಾದರೆ ಕೊಂಡಿಯ ಎರಡೂ ಬದಿಗೆ ಒಂದು ಗೇಣು ಬಿಟ್ಟು, ಅದರ ಆಚೆ ಈಚೆ ಒಂದೊಂದು ಸಾಲು ಹೊಲಿಗೆ ಹಾಕಿ ಭದ್ರಪಡಿಸಿ. ಸೆರಗಿನ ಕೆಂಪು ಬಣ್ಣ ಬಿಡುವುದೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒಂದು ಮೂಲೆಯ ಮೇಲೆ ಒತ್ತಿ ಹಿಡಿದು ನೋಡಿ. ಬಣ್ಣ ಬಿಡುವುದಾದರೆ ಉಪ್ಪುನೀರು, ವಿನೆಗರ್ ಎಂದು ಹಲವರು ಸಲಹೆ ಕೊಡುತ್ತಾರೆ; ಅವನ್ನು ನೆಚ್ಚಿಕೊಂಡು ಇಡೀ ಕೌದಿಯನ್ನು ನೆನೆಹಾಕಬೇಡಿ.

ಒಗೆಯುವುದು ಹೊಲಿಗೆ ಮುಗಿದ ಮೇಲಷ್ಟೇ. ಪದರಗಳು ಒಂದಕ್ಕೊಂದು ಹಿಡಿದುಕೊಳ್ಳದಿರುವಾಗ ನೀರಿಗೆ ಹಾಕಿದರೆ ಒಂದೊಂದು ಬಟ್ಟೆ ಒಂದೊಂದು ಅಳತೆಗೆ ಕುಗ್ಗಿ, ಬಿಡಿ ಅಂಚುಗಳೆಲ್ಲ ಎಳೆ ಬಿಡುತ್ತವೆ. ಸದ್ಯಕ್ಕೆ ನೆರಳಿನಲ್ಲಿ ಗಾಳಿಗೆ ಹರವಿದರೆ ಸಾಕು, ನುಸಿಗುಳಿಗೆಯ ವಾಸನೆಯೂ ಹೋಗುತ್ತದೆ.

ಹಳೆ ಜವಳಿ (ಉತ್ತರ)

ಮೇಲಿನ ಸಲಹೆಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಮುಗಿಸಲೇಬೇಕು ಎಂಬ ಧೋರಣೆಗೆ ನನ್ನ ಆಕ್ಷೇಪವಿದೆ. ಪಿನ್ನು ಚುಚ್ಚಿಟ್ಟಿರುವ ಎರಡನೆಯ ಕೌದಿಯನ್ನು ಹಾಗೆಯೇ ಹೊಲಿಯಲು ಹೊರಟರೆ ಕೆಲಸ ಕೆಡುತ್ತದೆ. ಪಿನ್ನುಗಳನ್ನು ಮೊದಲು ತೆಗೆಯಿರಿ, ಅದೂ ಎಳೆದು ಕೀಳಬೇಡಿ: ತುಕ್ಕು ಬಟ್ಟೆಯ ಎಳೆಗೆ ಅಂಟಿಕೊಂಡಿದ್ದರೆ ಪಿನ್ನನ್ನು ಇಕ್ಕಳದಿಂದ ಎರಡು ತುಂಡು ಮಾಡಿ ಒಂದೊಂದು ಕಡೆಯಿಂದ ಹೊರತೆಗೆಯುವುದು ಕ್ಷೇಮ. ತುಕ್ಕಿನ ಕಲೆ ಬರಿಯ ಕಲೆಯಲ್ಲ, ಅದರ ಸುತ್ತಲಿನ ನೂಲನ್ನೂ ಅದು ತಿಂದುಹಾಕುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕುವ ಮನೆಮದ್ದು ಹೊಸ ಬಟ್ಟೆಗಾದರೆ ಸರಿ, ಮೊದಲೇ ಸೋತಿರುವ ಬಟ್ಟೆಗೆ ಆಮ್ಲ ಮತ್ತೊಂದು ಪೆಟ್ಟು. ಕಲೆಯ ಮೇಲೆ ಇನ್ನೊಂದು ತೇಪೆ ಕೂರಿಸುವುದೇ ಮೇಲು.

ಹೆಬ್ಬೆರಳಿನ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೇಪೆಗಳು ಸೀಳಿದರೆ ಅದನ್ನು ಕೌದಿಯಾಗಿಸುವ ಆಸೆ ಬಿಡಿ. ತೇಪೆಗಳ ಜೋಡಣೆಯ ಒಂದು ಫೋಟೊ ತೆಗೆದುಕೊಂಡು, ಗಟ್ಟಿಯಿರುವ ತುಂಡುಗಳನ್ನು ಬೇರೆ ಮಾಡಿ ಕೈಯಲ್ಲಿ ಒಗೆದು, ಉಳಿದವನ್ನು ತೆಳುವಾದ ನೂಲಿನ ಬಟ್ಟೆಯೊಳಗೆ ಸುರುಳಿ ಸುತ್ತಿ ಇಡಿ. ಮಡಿಚಿ ಪ್ಲಾಸ್ಟಿಕ್ ಚೀಲದಲ್ಲಿ ತುರುಕಬೇಡಿ, ಒಳಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಯಲ್ಲಾಪುರದ ಮೇಷ್ಟ್ರು (ಉತ್ತರ)

ತುಂಡುಬಟ್ಟೆಯ ಗಂಟಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಆಫ್ರಿಕಾ ಮೂಲದ ಈ ಸಮುದಾಯಕ್ಕೆ ಕರ್ನಾಟಕದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಮರುವರ್ಷ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ ಕವಂದಿ ಹೊಲಿಯುವ ಮಹಿಳೆಯರ ಸಹಕಾರಿ ಗುಂಪೊಂದು ರೂಪುಗೊಂಡು, ಈ ಕೌದಿಗಳು ಹೊರಗಿನ ಪ್ರದರ್ಶನಗಳಿಗೂ ಹೋದವು.

ನಿಮಗೆ ಉಪಯೋಗಕ್ಕೆ ಬರುವುದು ಅವರ ಕ್ರಮ. ಮೊದಲು ಎಲ್ಲ ತೇಪೆಗಳನ್ನು ಜೋಡಿಸಿಕೊಂಡು ಆಮೇಲೆ ಹೊಲಿಯುವ ಪದ್ಧತಿ ಅವರದಲ್ಲ. ಅಡಿಗೆ ಒಂದು ಸೀರೆಯನ್ನು ಹಾಸಿ, ಅಂಚನ್ನು ಒಳಗೆ ಮಡಿಸಿ, ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ತೇಪೆಗಳನ್ನು ಇಡುತ್ತ, ಆಗಿಂದಾಗಲೇ ಎಲ್ಲ ಪದರಗಳನ್ನೂ ಸೇರಿಸಿ ಸಾದಾ ಹೊಲಿಗೆ ಹಾಕುತ್ತ, ಸುತ್ತು ಬರುತ್ತಾ ಬರುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಪ್ರತಿ ತೇಪೆಯ ಅಂಚನ್ನೂ ಅದನ್ನು ಕೂರಿಸುವಾಗಲೇ ಒಳಗೆ ಮಡಿಸುತ್ತಾರೆ. ಮುಂದಿನ ತೇಪೆ ಹಿಂದಿನದರ ಕಚ್ಚಾ ಅಂಚನ್ನು ಮುಚ್ಚುತ್ತದೆ. ಚೌಕಟ್ಟೂ ಬೇಡ, ಅಳತೆಪಟ್ಟಿಯೂ ಬೇಡ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನಾಕಾರಕ್ಕೆ ಮಡಿಚಿದ ಬಟ್ಟೆಯ ಚೂರುಗಳನ್ನು ಹೊಲಿಯುತ್ತಾರೆ. ಅದನ್ನು ಫುಲ, ಅಂದರೆ ಹೂವು ಎನ್ನುತ್ತಾರೆ, ಅದಿಲ್ಲದ ಕವಂದಿ ಅವರ ಕಣ್ಣಿಗೆ ಮುಗಿದ ಕವಂದಿಯಲ್ಲ.

ಮನೆಗೆಲಸದ ನಡುವೆ ಹೊಲಿಯುವವರಿಗೆ ಈ ಕ್ರಮದಂಥದ್ದು ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಎಲ್ಲಿ ನಿಲ್ಲಿಸಿದರೂ ಹೊಲಿದಷ್ಟು ಭಾಗ ಪೂರ್ಣವಾಗಿಯೇ ಇರುತ್ತದೆ, ಪಿನ್ನುಗಳ ಅಗತ್ಯ ಬೀಳುವುದಿಲ್ಲ, ಜೋಡಿಸಿಟ್ಟದ್ದು ಮಕ್ಕಳ ಕಾಲಿಗೆ ಸಿಕ್ಕಿ ಚದುರುವ ಭಯವೂ ಇಲ್ಲ. ಗಂಟಿನಲ್ಲಿರುವ ನೂಲಿನ ತುಂಡುಗಳನ್ನು ಒಗೆದು, ಇಸ್ತ್ರಿ ಮಾಡಿ, ಮಗು ಹೊದೆಯುವ ಅಳತೆಯ ಒಂದು ಕೌದಿಯನ್ನು ಹೀಗೆ ಆರಂಭಿಸಿ. ಪಾಲಿಯೆಸ್ಟರ್ ಚೂರುಗಳನ್ನು ಮಾತ್ರ ಬೇರೆ ಇಡಿ: ಅವು ಜಾರುತ್ತವೆ, ಬೆವರು ಹೀರುವುದಿಲ್ಲ, ಇಸ್ತ್ರಿ ತುಸು ಹೆಚ್ಚು ಕಾದರೂ ಮುದುಡಿಕೊಳ್ಳುತ್ತವೆ. ಅವುಗಳದ್ದೇ ಒಂದು ಕಾಲೊರಸು ಮಾಡಿದರೆ ಬೇಗ ಒಣಗುತ್ತದೆ.

ಒಹಾಯೊ ಕನ್ನಡತಿ (ಉತ್ತರ)

ಯಂತ್ರದ ಕ್ವಿಲ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಇಲ್ಲಿ ನಾನು ಹೊಲಿಯುವುದೆಲ್ಲ ಯಂತ್ರದಲ್ಲಿಯೇ. ಅಸ್ತರಿನಲ್ಲಿ ನೆರಿಗೆ ಬೀಳಲು ಸಾಮಾನ್ಯ ಕಾರಣವೆಂದರೆ ಯಂತ್ರದ ಹಲ್ಲುಗಳು ಅಡಿಯ ಬಟ್ಟೆಯನ್ನು ಮುಂದಕ್ಕೆ ತಳ್ಳುವ ವೇಗಕ್ಕೆ ಮೇಲಿನ ಪದರಗಳು ಸರಿಯದಿರುವುದು. ಮೇಲಿನಿಂದಲೂ ಬಟ್ಟೆಯನ್ನು ಸರಿಸುವ ವಾಕಿಂಗ್ ಫುಟ್ ಎಂಬ ಬಿಡಿಭಾಗ ಸಿಗುತ್ತದೆ. ನಿಮ್ಮ ಯಂತ್ರಕ್ಕೆ ಹೊಂದುವುದನ್ನು ನೋಡಿ ಕೊಂಡುಕೊಳ್ಳಿ. ಇಲ್ಲಿ ಮೇಷ್ಟ್ರು ಹೇಳಿದ ಕ್ರಮದ ತಿರುವುಮುರುವು ನಡೆಯಬೇಕು. ಮೂರು ಪದರಗಳೂ ಮೊದಲೇ ಪೂರ್ತಿ ಹಾಸಿರುವುದರಿಂದ, ಸಡಿಲವಾದ ಬಟ್ಟೆಯನ್ನು ಅಂಚಿನಿಂದ ಆಚೆಗೆ ಸರಿಸುವಂತೆ ನಡುವಿನಿಂದ ಹೊರಕ್ಕೆ ಹೊಲಿಯಬೇಕು.

ನೆರಿಗೆ ಬಿದ್ದ ಸಾಲುಗಳನ್ನು ಮಾತ್ರ ಬಿಚ್ಚಿ, ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಮೂರೂ ಪದರಗಳನ್ನು ಬಂಧಿಸಿ. ಹತ್ತಿಯ ಪದರದ ಪೊಟ್ಟಣದ ಮೇಲೆ ಹೊಲಿಗೆಯ ಸಾಲುಗಳ ನಡುವೆ ಗರಿಷ್ಠ ಎಷ್ಟು ಅಂತರವಿರಬಹುದು ಎಂದು ಮುದ್ರಿಸಿರುತ್ತಾರೆ. ಪೊಟ್ಟಣ ಬಿಸಾಡಿದ್ದರೆ ನಾಲ್ಕು ಅಂಗುಲ ಮೀರದಂತೆ ನೋಡಿಕೊಳ್ಳಿ, ಇಲ್ಲವಾದರೆ ಒಗೆದಾಗ ಹತ್ತಿ ಒಂದೆಡೆ ಮುದ್ದೆ ಕಟ್ಟಬಹುದು. ಉತ್ಸಾಹ ಪೂರ್ತಿ ಇಳಿದುಹೋಗಿದ್ದರೆ ಸಾಲು ಹೊಲಿಯುವ ಗೋಜೇ ಬೇಡ. ಅದೇ ಅಂತರದಲ್ಲಿ ದಪ್ಪ ನೂಲಿನಿಂದ ಅಲ್ಲಲ್ಲಿ ಗಂಟು ಹಾಕಿದರೂ ಪದರಗಳು ನಿಲ್ಲುತ್ತವೆ. ಅದನ್ನು ಅರೆಬರೆ ಕೆಲಸವೆಂದು ಇಲ್ಲಿ ಯಾರೂ ಹೀಗಳೆಯುವುದಿಲ್ಲ.

ನವಲಗುಂದದ ಸೊಸೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದಗಳು. ಹೆಬ್ಬೆರಳಿನ ಪರೀಕ್ಷೆ ಮಾಡಿದೆ. ಮೊದಲ ಕೌದಿಯ ಹೊಲಿದ ಭಾಗವೆಲ್ಲ ಗಟ್ಟಿಯಾಗಿದೆ, ಆದರೆ ಹೊಲಿಯದೆ ಉಳಿದ ತುದಿಯ ಬಟ್ಟೆ ಮಡಿಕೆಯ ಗೆರೆಯುದ್ದಕ್ಕೂ ಸೀಳುತ್ತಿದೆ. ಅದೃಷ್ಟಕ್ಕೆ ಸೆರಗಿನ ಕೊಂಡಿ ಹೊಲಿದ ಭಾಗದಲ್ಲಿಯೇ ಇದೆ. ಸೀಳಿದ ತುದಿಗೆ ಹೊಸ ಬಟ್ಟೆಯನ್ನು ಜೋಡಿಸಿ ಪೂರ್ಣ ಅಳತೆಗೆ ತರಬೇಕೋ, ಅಥವಾ ಅಲ್ಲಿಗೇ ಕತ್ತರಿಸಿ ಗಿಡ್ಡ ಮಾಡಬೇಕೋ ಎಂಬುದು ಉಳಿದಿರುವ ಪ್ರಶ್ನೆ. ಪಿನ್ನಿನ ಕೌದಿಯ ಬಗ್ಗೆ ಹಳೆ ಜವಳಿಯವರು ಹೇಳಿದಂತೆ ಫೋಟೊ ತೆಗೆದಿಟ್ಟಿದ್ದೇನೆ.

ಧಾರವಾಡದ ಸೂಜಿ (ಉತ್ತರ)

ಗಿಡ್ಡ ಮಾಡಿ. ಹೊಸ ಬಟ್ಟೆ ಜೋಡಿಸಿದರೆ ಮೊದಲ ಒಗೆತದಲ್ಲಿ ಅದು ಕುಗ್ಗಿ, ಪಕ್ಕದ ಹಳೆಯ ಬಟ್ಟೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಸೀಳು ಅಲ್ಲಿಂದಲೇ ಶುರುವಾಗುತ್ತದೆ. ಮಂಚಕ್ಕೆ ಸಾಲದ ಕೌದಿ ಮಂಡಿಯ ಮೇಲೆ ಹೊದ್ದು ಕೂರಲು ಸಾಕಾಗುತ್ತದೆ. ಕತ್ತರಿಸುವ ಮೊದಲು, ಗಟ್ಟಿ ಬಟ್ಟೆ ಮುಗಿಯುವ ಗೆರೆಯಿಂದ ಎರಡು ಬೆರಳಗಲ ಒಳಗೆ ಒತ್ತೊತ್ತಾಗಿ ಎರಡು ಸಾಲು ಹೊಲಿಯಿರಿ, ಕತ್ತರಿ ಹಾಕುವುದು ಆ ಸಾಲುಗಳ ಹೊರಗೆ. ಕತ್ತರಿಸಿದ ಅಂಚನ್ನು ಮುಚ್ಚಲು ಗಂಟಿನಲ್ಲಿರುವ ಹಳೆಯ ನೂಲಿನ ಬಟ್ಟೆಯ ಪಟ್ಟಿಯನ್ನೇ ಬಳಸಿ, ಒಮ್ಮೆ ಒಗೆದು ಒಣಗಿಸಿದ್ದಾಗಿರಲಿ. ಪಟ್ಟಿಯನ್ನು ನಾಲ್ಕು ಬೆರಳಗಲ ಕತ್ತರಿಸಿಕೊಂಡು, ಎರಡೂ ಅಂಚನ್ನು ಒಳಗೆ ಮಡಿಸಿ, ಕೌದಿಯ ಅಂಚನ್ನು ಅದರೊಳಗೆ ಕೂರಿಸಿ ಹೊಲಿದರೆ ಆಯಿತು.

ಒಗೆದ ಮೇಲೆ ಒಂದೇ ಹಗ್ಗದ ಮೇಲೆ ನೇತು ಹಾಕಬೇಡಿ. ನೀರು ಕುಡಿದ ಕೌದಿ ಮಣಭಾರವಾಗಿರುತ್ತದೆ, ಆ ಭಾರವೆಲ್ಲ ನಡುವಿನ ಹೊಲಿಗೆಯ ಮೇಲೆ ಬೀಳುತ್ತದೆ. ಮೂರ್ನಾಲ್ಕು ಹಗ್ಗಗಳ ಮೇಲೆ ಅಡ್ಡಲಾಗಿ ಹರವಿ, ಇಲ್ಲವೇ ತಾರಸಿಯ ಮೇಲೆ ಚಾಪೆ ಹಾಸಿ ಒಣಗಿಸಿ. ಸೆರಗಿನ ಬಣ್ಣ ಬಿಡುವುದಾದರೆ ನೀರಿಗೇ ಹಾಕದೆ, ಬ್ರಶ್‌ನಿಂದ ಧೂಳು ಕೊಡವಿ ಗಾಳಿಗಿಟ್ಟುಕೊಂಡೇ ಬಳಸಿ.