ಒಲಿಂಪಸ್ ಕ್ಯಾಮೆರಾ ಕೈ ಬದಲಾಗುತ್ತಿದೆ: ಲೆನ್ಸ್ ಈಗಲೇ ಮಾರಿಬಿಡಲಾ?

ಕೇಳಿದ್ದು, ಶ್ರೀರಂಗಪಟ್ಟಣದಿಂದ (ಜೂನ್ 2020)

ಎಲ್ಲರಿಗೂ ನಮಸ್ಕಾರ. ಮದುವೆ ಫೋಟೋ ತೆಗೆಯುವುದು ನನ್ನ ಕಸುಬು. ಬಿಡುವಾದಾಗ ರಂಗನತಿಟ್ಟಿಗೆ ಹೋಗಿ ಹಕ್ಕಿ ಫೋಟೋ ತೆಗೆಯುತ್ತೇನೆ. ಹೋದ ದೀಪಾವಳಿಗೆ ಒಲಿಂಪಸ್ ಇ-ಎಂ1 ಮಾರ್ಕ್ 2 ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ ಮಾತ್ರ), ಜೊತೆಗೆ ದೂರದ ಹಕ್ಕಿಗೆಂದು 300 ಎಂಎಂ ಎಫ್4 ಲೆನ್ಸ್ ಕೊಂಡೆ. ಲೆನ್ಸಿನ ಕಂತು ಇನ್ನೂ ಎಂಟು ತಿಂಗಳು ಬಾಕಿ ಇದೆ.

ಮೊನ್ನೆ 24ನೇ ತಾರೀಖು ಸುದ್ದಿ ಬಂತು. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು ಜಪಾನ್ ಇಂಡಸ್ಟ್ರಿಯಲ್ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆಗೆ ಬಿಟ್ಟುಕೊಡುತ್ತಿದೆ. ಮೂರು ವರ್ಷದಿಂದ ಬರೀ ನಷ್ಟ. ಸೆಪ್ಟೆಂಬರ್ ಮುಗಿಯುವುದರೊಳಗೆ ಒಪ್ಪಂದ, ಡಿಸೆಂಬರ್ ಕೊನೆಗೆ ಕೈ ಬದಲು ಎನ್ನುತ್ತಾರೆ. ಆಮೇಲೆ ಮುಚ್ಚಿಬಿಡುತ್ತಾರೆ ಎಂದೇ ಜನ ಮಾತಾಡುತ್ತಿದ್ದಾರೆ.

ಕೊರೊನಾ ಕಾರಣಕ್ಕೆ ಈಗ ಮದುವೆಗೆ 50 ಜನ ಮೀರುವಂತಿಲ್ಲ. ಮಾರ್ಚ್‌ನಿಂದ ನನಗೆ ಸಿಕ್ಕಿದ್ದು ಎರಡೇ ಮದುವೆ. ಇಂಥ ಹೊತ್ತಿನಲ್ಲಿ ತಪ್ಪು ಹೆಜ್ಜೆ ಇಟ್ಟರೆ ಎದ್ದು ನಿಲ್ಲುವುದು ಕಷ್ಟ. ಸ್ನೇಹಿತರು "ಈಗಲೇ ಮಾರಿಬಿಡಿ, ಆರು ತಿಂಗಳಾದರೆ ಯಾರೂ ಮೂಸಿ ನೋಡಲ್ಲ" ಎನ್ನುತ್ತಾರೆ. ನಿಮ್ಮಲ್ಲಿ ಯಾರಾದರೂ ಹೀಗೆ ಕಂಪನಿ ಕೈಬಿಟ್ಟ ಕ್ಯಾಮೆರಾ ಇಟ್ಟುಕೊಂಡಿದ್ದಿರಾ? ಆಮೇಲೆ ಏನಾಯಿತು, ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ, ಸ್ಟುಡಿಯೋ ನಡೆಸುವವರು

ತಮ್ಮಾ, ನಾನು ಮಿನೋಲ್ಟಾ ಇಟ್ಟುಕೊಂಡಿದ್ದವನು. ಅದಕ್ಕೆ ನಾನೇ ಮೊದಲು ಹೇಳುತ್ತೇನೆ.

2006ರ ಜನವರಿ 19ಕ್ಕೆ ಕೋನಿಕಾ ಮಿನೋಲ್ಟಾ ಕ್ಯಾಮೆರಾ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು. ಫಿಲ್ಮ್ ಕೂಡ ನಿಲ್ಲಿಸುತ್ತೇವೆ ಎಂದಿತು. ಆಟೋಫೋಕಸನ್ನು ಎಸ್‌ಎಲ್‌ಆರ್ ಎಂಬ ಕನ್ನಡಿ ಕ್ಯಾಮೆರಾದ ಬಾಡಿಯ ಒಳಗೇ ಕೂರಿಸಿ, 1985ರಲ್ಲಿ ಜಗತ್ತೆಲ್ಲ ತಿರುಗಿ ನೋಡುವಂತೆ ಮಾಡಿದ ಕಂಪನಿ ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಹತ್ತಿರ ಡೈನಾಕ್ಸ್ 7ಡಿ ಬಾಡಿ, 50 ಎಂಎಂ ಎಫ್1.7, 70-210 ಎಫ್4 ಲೆನ್ಸ್‌ಗಳು ಇದ್ದವು. ವಾರದೊಳಗೆ 70-210 ಕೊಟ್ಟುಬಿಟ್ಟೆ. ಕೈಗೆ ಬಂದದ್ದು 3 ಸಾವಿರ ರೂಪಾಯಿ. ಚೌಕಾಶಿ ಮಾಡುವಷ್ಟೂ ತಾಳ್ಮೆ ಇರಲಿಲ್ಲ, ಅಷ್ಟು ಹೆದರಿದ್ದೆ.

ಅದೇ ವರ್ಷ ಜೂನ್‌ನಲ್ಲಿ ಸೋನಿ ಆಲ್ಫಾ 100 ಕ್ಯಾಮೆರಾ ಪ್ರಕಟಿಸಿತು. ಮೌಂಟ್, ಅಂದರೆ ಲೆನ್ಸ್ ಬಂದು ಬಾಡಿಗೆ ಕೂರುವ ಬಾಯಿ, ಅದೇ ಮಿನೋಲ್ಟಾದ್ದು. ನನ್ನ 50 ಎಂಎಂ ಅದಕ್ಕೆ ಟಕ್ಕಂತ ಕೂತಿತು. ಮಾರಿದ ಲೆನ್ಸಿನಂಥದ್ದನ್ನೇ ಎರಡು ವರ್ಷದ ಮೇಲೆ ಎರಡರಷ್ಟು ಹಣ ಕೊಟ್ಟು ಹುಡುಕಿ ತಂದೆ. ಆ 50 ಎಂಎಂ ಇವತ್ತಿಗೂ ಅಡಾಪ್ಟರ್ ಹಾಕಿಕೊಂಡು ಸೋನಿ ಎ7 ಮೇಲೆ ಕೆಲಸ ಮಾಡುತ್ತಿದೆ. 7ಡಿ ಬಾಡಿಗೆ ವಯಸ್ಸಾಯಿತು, ಕಪಾಟಿಗೆ ಹೋಯಿತು. ಡಿಜಿಟಲ್ ಬಾಡಿ ಅಂದಮೇಲೆ ಯಾವ ಕಂಪನಿಯದಾದರೂ ಅಷ್ಟೇ.

ಇನ್ನೊಂದು ನೆನಪು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಕಪ್ಪು ಬಿಳುಪು ಫಿಲ್ಮ್ ಹಾಕಿಯೇ ನಾನು ಕೆಲಸ ಕಲಿತದ್ದು. ಫಿಲ್ಮ್ ಬರುವುದು ನಿಂತರೆ ಅಲ್ಲಿಗೆ ಮುಗಿಯಿತು, ಬೇರೆ ದಾರಿಯೇ ಇಲ್ಲ. ಲೆನ್ಸ್ ಹಾಗಲ್ಲ. ಅದಕ್ಕೆ ದಿನಾ ಯಾರೂ ಮೇವು ಹಾಕಬೇಕಾಗಿಲ್ಲ.

ಬೆಂಗಳೂರಿನಿಂದ, ಜಾಹೀರಾತು ಫೋಟೋ ತೆಗೆಯುವವರು

ಹುಬ್ಬಳ್ಳಿ ಸರ್ ಮಾತಿಗೆ ಗೌರವ ಇಟ್ಟುಕೊಂಡೇ ನನ್ನ ಅನುಭವ ಹೇಳುತ್ತೇನೆ. ಅದು ಬೇರೆಯೇ ಆಯಿತು.

ಐದಾರು ವರ್ಷದ ಹಿಂದೆ ನಾನು ಇನ್ನೊಂದು ಕಂಪನಿಯ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಸೆಟ್ ಕೊಂಡಿದ್ದೆ. ಹೆಸರು ಬೇಡ. ಚಿತ್ರ ಬಹಳ ಚೆನ್ನಾಗಿ ಬರುತ್ತಿತ್ತು. ಅವರು ಮುಚ್ಚುತ್ತೇವೆ ಎಂದು ಹೇಳಲೇ ಇಲ್ಲ. ಮೊದಲು ಹೊಸ ಮಾಡೆಲ್ ಬರುವುದು ನಿಂತಿತು. ಆಮೇಲೆ ಅಂಗಡಿಯಲ್ಲಿ ಚಾರ್ಜರ್ ಸಿಗಲಿಲ್ಲ. ಕೊನೆಗೆ ಸರ್ವಿಸ್‌ಗೆ ಕೊಟ್ಟ ಬಾಡಿ ನಾಲ್ಕು ತಿಂಗಳ ಮೇಲೆ ಹಾಗೇ ವಾಪಸ್ ಬಂತು. ಆ ಮೌಂಟಿಗೆ ಬೇರೆ ಯಾರೂ ಬಾಡಿ ಮಾಡುತ್ತಿರಲಿಲ್ಲ. ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಕೂಡ ಬಾಡಿಯಿಂದ ಕರೆಂಟ್ ಹೋದರೆ ಮಾತ್ರ ಆಡುತ್ತದೆ. ನಾಲ್ಕು ಒಳ್ಳೆಯ ಲೆನ್ಸ್ ಈಗ ಸುಮ್ನೆ ಕೂತಿವೆ.

ಆದ್ದರಿಂದ ನಿಮ್ಮನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮೌಂಟಿಗೆ ಬಾಡಿ ಮಾಡುವವರು ಇನ್ನೊಬ್ಬರು ಇದ್ದಾರಾ? ಇದ್ದರೆ ತಡೆಯಿರಿ. ಇಲ್ಲದಿದ್ದರೆ ಇವತ್ತೇ ಮಾರಿ.

ಬೆಂಗಳೂರಿನಿಂದ, ಕ್ಯಾಮೆರಾ ರಿಪೇರಿ ಮಾಡುವವರು

ಮೇಲಿನ ಪ್ರಶ್ನೆಗೆ ಉತ್ತರ ನಾನು ಕೊಡುತ್ತೇನೆ. ಇದ್ದಾರೆ. ನಿಮ್ಮ ಕ್ಯಾಮೆರಾದ ಮೈಕ್ರೋ ಫೋರ್ ಥರ್ಡ್ಸ್ ಮೌಂಟನ್ನು 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸೋನಿಕ್ ಸೇರಿ ತಂದವು. ಪ್ಯಾನಸೋನಿಕ್ ಜಿ9, ಜಿಎಚ್5 ಎರಡಕ್ಕೂ ನಿಮ್ಮ 300 ಎಂಎಂ ಕೂರುತ್ತದೆ. ಬ್ಲ್ಯಾಕ್‌ಮ್ಯಾಜಿಕ್‌ನ ಸಿನಿಮಾ ಕ್ಯಾಮೆರಾಗೂ ಕೂರುತ್ತದೆ. ಸಿಗ್ಮಾ, ಲಾವೋವಾ, ಫೋಕ್ಟ್‌ಲ್ಯಾಂಡರ್ ಕೂಡ ಈ ಮೌಂಟಿಗೆ ಲೆನ್ಸ್ ಮಾಡುತ್ತವೆ. ನಿಮ್ಮ ಲೆನ್ಸ್ ಒಂದೇ ಮನೆಯನ್ನು ನಂಬಿಕೊಂಡು ಕೂತಿಲ್ಲ.

ಹಾಗಂತ ಏನೂ ವ್ಯತ್ಯಾಸ ಆಗುವುದಿಲ್ಲ ಅಂತಲೂ ಅಲ್ಲ. ಪ್ಯಾನಸೋನಿಕ್ ಬಾಡಿಗೆ ಹಾಕಿದರೆ ಲೆನ್ಸಿನ ಸ್ಟೆಬಿಲೈಸರ್ (ಕೈ ನಡುಕ ತಡೆಯುವ ಭಾಗ) ಮತ್ತು ಬಾಡಿಯ ಸ್ಟೆಬಿಲೈಸರ್ ಒಟ್ಟಿಗೆ ಕೈ ಜೋಡಿಸುವುದಿಲ್ಲ. ಅವರ ಫೋಕಸ್ ತಂತ್ರ ಅವರದೇ ಲೆನ್ಸಿಗೆ ಹೊಂದಿಸಿದ್ದು. ಹಾಗಾಗಿ ಹಾರುವ ಹಕ್ಕಿಗೆ ಸ್ವಲ್ಪ ಹಿಂದೆ ಬೀಳುತ್ತದೆ. ಮಿಂಚುಳ್ಳಿ ಕೊಂಬೆ ಬಿಡುವ ಮುಂಚಿನ ಕ್ಷಣ ಹಿಡಿಯುವ ಒಲಿಂಪಸ್‌ನ ಪ್ರೊ ಕ್ಯಾಪ್ಚರ್ ಅಲ್ಲಿ ಸಿಗುವುದಿಲ್ಲ. ಕೂತ ಹಕ್ಕಿಗೆ, ಮದುವೆಗೆ ಏನೂ ತೊಂದರೆ ಇಲ್ಲ.

ಈಗ ನನ್ನ ಮೇಜಿನ ಮೇಲೆ ಬರುವ ಕೇಸುಗಳ ಮಾತು. ಕಂಪನಿ ಹೋದಮೇಲೆ ಮೊದಲು ಕೈಕೊಡುವುದು ಸೆನ್ಸರ್ ಅಲ್ಲ. ಬ್ಯಾಟರಿ, ಒಳಗಿನ ತೆಳು ಪಟ್ಟಿ ತಂತಿ (ಫ್ಲೆಕ್ಸ್ ಕೇಬಲ್), ಡಯಲ್, ಶಟರ್, ಈ ನಾಲ್ಕು. ನಿಮ್ಮ ಬಾಡಿಯ ಶಟರಿಗೆ 2 ಲಕ್ಷ ಕ್ಲಿಕ್ ಎಂದು ಕಂಪನಿ ಹೇಳಿದೆ. ಮದುವೆಯವರು ಒಂದೇ ದಿನ 2 ಸಾವಿರ ಹೊಡೆಯುತ್ತಾರೆ, ಅಲ್ವಾ? ನೂರು ಮದುವೆಗೆ ಲೆಕ್ಕ ಮುಗಿಯುತ್ತದೆ. ಹಾಗಾಗಿ ಧಾರೆಯ ಹೊತ್ತಲ್ಲಿ, ಪುರೋಹಿತರು ಶಬ್ದ ಬೇಡ ಎನ್ನುವ ಕಡೆ, ಸೈಲೆಂಟ್ ಶಟರ್ ಬಳಸಿ. ಮೆಕ್ಯಾನಿಕಲ್ ಶಟರ್ ಉಳಿಯುತ್ತದೆ. ಎಲ್‌ಇಡಿ ಲೈಟಿನಡಿ ಮಾತ್ರ ಪಟ್ಟೆ ಬರುತ್ತದಾ ಎಂದು ಮೊದಲೇ ಒಂದೆರಡು ತೆಗೆದು ನೋಡಿಕೊಳ್ಳಿ.

ಬಿಎಲ್‌ಎಚ್-1 ಬ್ಯಾಟರಿ ಒರಿಜಿನಲ್ ಎರಡು ತೆಗೆದಿಡಿ. ಸದ್ಯಕ್ಕೆ ಸಿಗುತ್ತಿವೆ. ಅಗ್ಗದ ಬ್ಯಾಟರಿ ಉಬ್ಬಿಕೊಂಡು ಬಾಡಿಯೊಳಗೇ ಸಿಕ್ಕಿಬಿದ್ದದ್ದನ್ನು ನಾನು ಎಷ್ಟೋ ಸಲ ಬಿಡಿಸಿದ್ದೇನೆ. ಇಡುವಾಗ ಪೂರ್ತಿ ಚಾರ್ಜ್ ಮಾಡಿ ಇಡಬೇಡಿ, ಅರ್ಧ ಇರಲಿ.

ಇನ್ನೊಂದನ್ನು ಜನ ಮರೆಯುತ್ತಾರೆ. ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಇಂದೇ ಅಪ್‌ಡೇಟ್ ಮಾಡಿ, ಲೆನ್ಸಿನದ್ದೂ ಸೇರಿಸಿ. ಕೆಲವು ಕಂಪನಿಗಳು ಫೈಲ್ ಕೊಡುತ್ತವೆ, ಕಾರ್ಡಿಗೆ ಹಾಕಿ ಇಟ್ಟುಕೊಳ್ಳಬಹುದು. ಒಲಿಂಪಸ್‌ನದ್ದು ಹಾಗಲ್ಲ. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿದರೆ ಅವರ ಸಾಫ್ಟ್‌ವೇರ್ ನೇರ ಸರ್ವರಿನಿಂದ ತಂದು ಹಾಕುತ್ತದೆ. ಸರ್ವರ್ ನಿಂತ ದಿನ ಆ ಬಾಗಿಲೂ ಮುಚ್ಚುತ್ತದೆ. ಹೋದ ವರ್ಷ ಬಂದ 3.0 ಆವೃತ್ತಿಯಲ್ಲಿ ಫೋಕಸ್ ಬಹಳ ಸುಧಾರಿಸಿದೆ. ಇನ್ನೂ ಹಾಕಿಲ್ಲದಿದ್ದರೆ ಹೊಸ ಕ್ಯಾಮೆರಾ ಕೊಂಡ ಹಾಗೆ ಅನಿಸುತ್ತದೆ.

ಯಾರಾದರೂ ಕೆಟ್ಟ ಮಾರ್ಕ್ 2 ಬಾಡಿಯನ್ನು ಅಗ್ಗಕ್ಕೆ ಮಾರಿದರೆ ಬಿಡಬೇಡಿ. ಅದರ ಡಯಲ್, ಪರದೆ, ಬ್ಯಾಟರಿ ಬಾಗಿಲು ನಾಳೆ ನಿಮ್ಮದಕ್ಕೆ ಬೇಕಾಗುತ್ತವೆ.

ಕಳಸದಿಂದ, ಕಾಫಿ ತೋಟದವರು

ನನ್ನದು ಹಳೆಯ ಕಥೆ. ಆದರೂ ಒಲಿಂಪಸ್‌ನದ್ದೇ.

ಅಪ್ಪನ ಓಎಂ-1 ನನ್ನ ಹತ್ತಿರ ಇದೆ. 1972ರಲ್ಲಿ ಎಂ-1 ಎಂಬ ಹೆಸರಲ್ಲಿ ಬಂದ ಮಾಡೆಲ್ ಇದು. ಲೈಕಾ ಕಂಪನಿ ಆ ಹೆಸರು ಬೇಡ ಎಂದದ್ದಕ್ಕೆ ಓಎಂ-1 ಆಯಿತು. ಇದನ್ನು ರೂಪಿಸಿದವರು ಯೋಶಿಹಿಸಾ ಮೈತಾನಿ. ಒಂದು ರೋಲಿನಲ್ಲಿ 72 ಫೋಟೋ ತೆಗೆಯುವ ಪೆನ್ ಕ್ಯಾಮೆರಾ 1959ರಲ್ಲಿ ಬಂತಲ್ಲ, ಅದೂ ಅವರದೇ. ಎಸ್‌ಎಲ್‌ಆರ್ ಅಂದರೆ ಕುತ್ತಿಗೆಗೆ ಕಲ್ಲು ಕಟ್ಟಿಕೊಂಡ ಹಾಗೆ ಇದ್ದ ಕಾಲದಲ್ಲಿ ಅಷ್ಟು ಹಗುರದ ಕ್ಯಾಮೆರಾ ಮಾಡಿದರು ಆ ಮನುಷ್ಯ. ಅವರ ಮೇಲೆ ನನಗೆ ತುಂಬಾ ಅಭಿಮಾನ.

ಇದೇ ಒಲಿಂಪಸ್ 2002ರಲ್ಲಿ ಓಎಂ ಸರಣಿಯನ್ನು ನಿಲ್ಲಿಸಿತು. ಅಂದರೆ ನನ್ನ ಕ್ಯಾಮೆರಾಗೆ 18 ವರ್ಷದಿಂದ ಕಂಪನಿ ಇಲ್ಲ. ಆದರೂ ಈ ಫೆಬ್ರವರಿಯಲ್ಲಿ ಒಂದು ರೋಲ್ ತೆಗೆದೆ, ಎಲ್ಲ ಫೋಟೋ ಬಂದಿವೆ. ಶಟರಿಗೆ ಬ್ಯಾಟರಿಯೇ ಬೇಡ. ಬೆಳಕು ಅಳೆಯುವ ಮೀಟರಿಗೆ ಮಾತ್ರ ಪಾದರಸದ ಸೆಲ್ ಬೇಕಿತ್ತು, ಅದು ಈಗ ಎಲ್ಲೂ ಇಲ್ಲ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಸೆಲ್ ಹಾಕುತ್ತೇನೆ. ವೋಲ್ಟೇಜ್ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಒಂದೆರಡು ತಿಂಗಳು ಬರುತ್ತದೆ. ನೋಡುವ ಕಿಂಡಿಯ ಪ್ರಿಸಂ ಸುತ್ತ ಇರುವ ಫೋಮ್ ಕರಗಿ ಗಾಜಿನ ಬೆಳ್ಳಿ ಲೇಪ ತಿನ್ನುತ್ತದೆ. ಅದನ್ನು ಸಮಯಕ್ಕೆ ಸರಿಯಾಗಿ ತೆಗೆಸಿದ್ದರಿಂದ ಬಚಾವಾಯಿತು.

ನಮ್ಮಲ್ಲಿ ಕ್ಯಾಮೆರಾ ಕೊಂದದ್ದು ಯಾವ ಕಂಪನಿಯೂ ಅಲ್ಲ, ಮಳೆ. ಅಪ್ಪನ ಎರಡು ಲೆನ್ಸ್ ಬೂಷ್ಟು ಹಿಡಿದೇ ಹೋದವು. ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಎಲ್ಲವನ್ನೂ ಸಣ್ಣ ಬಲ್ಬ್ ಉರಿಯುವ ಮರದ ಪೆಟ್ಟಿಗೆಯಲ್ಲಿ ಇಡುತ್ತೇನೆ. ನಿಮ್ಮ ಕಡೆ ಇಷ್ಟು ಮಳೆ ಇಲ್ಲ. ಆದರೂ ಲಾಕ್‌ಡೌನ್‌ನಲ್ಲಿ ಬ್ಯಾಗಿನೊಳಗೇ ಮುಚ್ಚಿಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ.

ಮಣಿಪಾಲದಿಂದ, ಆಸ್ಪತ್ರೆ ತಂತ್ರಜ್ಞರು

ಚಿಕ್ಕ ಮಾತು. ಒಲಿಂಪಸ್ ಮುಳುಗುತ್ತಿದೆ ಎಂದು ಕೆಲವರು ಬರೆಯುತ್ತಿದ್ದಾರೆ, ಅದು ತಪ್ಪು. ಆ ಕಂಪನಿ 1919ರಲ್ಲಿ ಹುಟ್ಟಿದ್ದು ಮೈಕ್ರೋಸ್ಕೋಪ್ ಮಾಡಲು. ಕ್ಯಾಮೆರಾ ಬಂದದ್ದು 1936ರಲ್ಲಿ. 1950ರಲ್ಲಿ ಹೊಟ್ಟೆಯೊಳಗೆ ಇಳಿಸುವ ಗ್ಯಾಸ್ಟ್ರೋಕ್ಯಾಮೆರಾ ಮಾಡಿದರು. ಇವತ್ತು ಎಂಡೋಸ್ಕೋಪಿ ಯಂತ್ರದಲ್ಲಿ ಜಗತ್ತಿಗೇ ಅವರು ಮುಂದು. ಅವರ ದುಡಿಮೆಯ ಹೆಚ್ಚಿನ ಪಾಲು ಅಲ್ಲಿದೆ. ನಷ್ಟದ ಭಾಗವನ್ನು ಮಾತ್ರ ಕಳಚಿ ಕೊಡುತ್ತಿದ್ದಾರೆ. ಅದಕ್ಕೇ ನೀವು ನೋಡಬೇಕಾದದ್ದು ಒಲಿಂಪಸ್ ಕಡೆಗಲ್ಲ, ಕೊಳ್ಳುವವರ ಕಡೆಗೆ. ಈ ಸಂಸ್ಥೆಯೇ 2014ರಲ್ಲಿ ಸೋನಿಯಿಂದ ವಾಯೋ ಲ್ಯಾಪ್‌ಟಾಪ್ ತೆಗೆದುಕೊಂಡಿತ್ತು. ವಾಯೋ ಚಿಕ್ಕದಾಯಿತು, ಆದರೆ ಬದುಕಿದೆ.

ಫ್ರಾಂಕ್‌ಫರ್ಟ್‌ನಿಂದ, ಧಾರವಾಡದವರು

ಲೈಕಾ ಹುಟ್ಟಿದ ವೆಟ್ಸ್‌ಲಾರ್ ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಹೋದಾಗೆಲ್ಲ ಅಲ್ಲಿನ ಪ್ರದರ್ಶನ ನೋಡುತ್ತೇನೆ. ಈಗಿನ ವೈಭವ ನೋಡಿದರೆ ನಂಬುವುದು ಕಷ್ಟ, 2005ರಲ್ಲಿ ಬ್ಯಾಂಕುಗಳು ಸಾಲಕ್ಕೆ ಕತ್ತರಿ ಹಾಕಿ ಲೈಕಾ ಮುಚ್ಚುವ ಅಂಚಿಗೆ ಬಂದಿತ್ತು. ಲೈಕಾದ ಎಂ ಸರಣಿಯ ಕ್ಯಾಮೆರಾ ಇದ್ದವರು ನಿಮ್ಮ ಹಾಗೇ ಕಂಗಾಲಾಗಿದ್ದರು. ಆಂಡ್ರಿಯಾಸ್ ಕೌಫ್‌ಮನ್ ಎಂಬ ಹೂಡಿಕೆದಾರರು ಹಣ ಹಾಕಿ ಉಳಿಸಿಕೊಂಡರು. 2006ರಲ್ಲಿ ಎಂ8 ಬಂತು. 1954ರ ಎಂ3ಗೆ ಮಾಡಿದ ಲೆನ್ಸ್‌ಗಳು ಅದಕ್ಕೂ ಕೂತವು.

ಕೌಫ್‌ಮನ್ ಬಂದದ್ದು ಕ್ಯಾಮೆರಾ ಮೇಲಿನ ಪ್ರೀತಿಯಿಂದಲೂ ಹೌದು ಎಂದು ನನಗೆ ಅನಿಸುತ್ತದೆ. ಹೂಡಿಕೆ ಸಂಸ್ಥೆಗೆ ಅಂಥ ಪ್ರೀತಿ ಇರಬೇಕೆಂದೇನೂ ಇಲ್ಲ. ಮಾರುಕಟ್ಟೆಯೂ ಆಗಿನದಲ್ಲ. 2010ರಲ್ಲಿ ಜಪಾನಿನ ಕಂಪನಿಗಳು ಒಟ್ಟು 12 ಕೋಟಿ ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು. ಹೋದ ವರ್ಷ ಅದು ಒಂದೂವರೆ ಕೋಟಿ. ಫೋನು ತಿಂದುಹಾಕಿತು. ಹಾಗಾಗಿ ಇದ್ದದ್ದನ್ನು ಮಾರಬೇಡಿ ಎನ್ನುತ್ತೇನೆ. ಆದರೆ ಹೊಸದಾಗಿ ಸಾಲ ಮಾಡಿ ಅದೇ ಮೌಂಟಿಗೆ ಇನ್ನೊಂದು ದೊಡ್ಡ ಲೆನ್ಸ್ ಕೊಳ್ಳುವುದನ್ನು ಡಿಸೆಂಬರ್ ದಾಟುವವರೆಗೆ ಮುಂದೂಡಿ.

ಶ್ರೀರಂಗಪಟ್ಟಣದಿಂದ, ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಅಂಗಡಿಗೆ ಹೋಗಿದ್ದೆ. ಕೊಂಡ ಬೆಲೆಯಲ್ಲಿ ಮೂರರಲ್ಲಿ ಒಂದು ಪಾಲು ಕೊಡುತ್ತೇನೆ ಎಂದರು. ಆ ಹಣದಲ್ಲಿ ಲೆನ್ಸಿನ ಸಾಲವೂ ತೀರುವುದಿಲ್ಲ. ಬೇರೆ ಕಂಪನಿಯ 600 ಎಂಎಂ ಎಫ್4 ಕೊಳ್ಳುವ ಮಾತಂತೂ ದೂರ. ಅದರ ತೂಕವೇ 3 ಕಿಲೋ. ನನ್ನ ಬಾಡಿಯ ಸೆನ್ಸರ್ ಸಣ್ಣದು, ಹಾಗಾಗಿ ನನ್ನ 300 ಎಂಎಂ ಅಷ್ಟೇ ದೂರದ ಹಕ್ಕಿಯನ್ನು ಒಂದೂವರೆ ಕಿಲೋದೊಳಗೆ ತರುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಇಲ್ಲದೆ ಕೈಯಲ್ಲೇ ಹಿಡಿದು ತೆಗೆಯುವವನಿಗೆ ಅದು ಸಣ್ಣ ಮಾತಲ್ಲ.

ಮಾರುತ್ತಿಲ್ಲ. ನಿನ್ನೆ ರಾತ್ರಿ ಫರ್ಮ್‌ವೇರ್ ಹಾಕಿದೆ. ನನ್ನದರಲ್ಲಿ ಇನ್ನೂ ಹಳೆಯ 2.3 ಇತ್ತು. ಬ್ಯಾಟರಿ ಒಂದು ಸಿಕ್ಕಿತು, ಇನ್ನೊಂದಕ್ಕೆ ಹೇಳಿದ್ದೇನೆ. ಶಟರ್ ಲೆಕ್ಕ ನೋಡಿದೆ, 61 ಸಾವಿರ ಆಗಿದೆ. ಮದುವೆ ಶುರುವಾಗಿ ಕೈಗೆ ಹಣ ಬಂದರೆ ಎರಡನೇ ಬಾಡಿಯಾಗಿ ಹಳೆಯ ಜಿ9 ನೋಡುತ್ತೇನೆ. ಬೆಂಗಳೂರು ಸರ್, ನಿಮ್ಮ ಆ ನಾಲ್ಕು ಲೆನ್ಸಿನ ಮಾತು ಓದಿ ಬಹಳ ಬೇಜಾರಾಯಿತು. ಕೊಳ್ಳುವಾಗ ಮೌಂಟಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಕಳಸದ ಅಕ್ಕ, ಬ್ಯಾಗ್ ತೆಗೆದು ನೋಡಿದೆ. ಹಳೆಯ ಕಿಟ್ ಲೆನ್ಸಿನ ಅಂಚಿನಲ್ಲಿ ಜೇಡರ ಬಲೆಯ ಎಳೆ ತರ ಏನೋ ಶುರುವಾಗಿದೆ. 300ಕ್ಕೆ ಇನ್ನೂ ಏನೂ ಆಗಿಲ್ಲ. ಆ ಪೆಟ್ಟಿಗೆಗೆ ಎಷ್ಟು ವ್ಯಾಟಿನ ಬಲ್ಬ್ ಹಾಕಬೇಕು?

ಕಳಸದಿಂದ

15 ವ್ಯಾಟಿನದು ಸಾಕು. ಎಲ್‌ಇಡಿ ಬೇಡ, ಅದು ಬಿಸಿ ಕೊಡುವುದಿಲ್ಲ. ಹಳೆಯ ತಂತಿ ಬಲ್ಬೇ ಆಗಬೇಕು. ಲೆನ್ಸಿನಿಂದ ಒಂದು ಗೇಣು ದೂರ ಇರಲಿ. ಪೆಟ್ಟಿಗೆಯ ಮೇಲ್ಗಡೆ ಎರಡು ಸಣ್ಣ ತೂತು ಮಾಡಿ. ಬ್ಯಾಟರಿಗಳನ್ನು ಮಾತ್ರ ಒಳಗೆ ಇಡಬೇಡಿ. ಆ ಕಿಟ್ ಲೆನ್ಸನ್ನು 300ರ ಪಕ್ಕ ಇಡಬೇಡಿ, ಇವತ್ತೇ ಬೇರೆ ಮಾಡಿ.