ವಿಟಮಿನ್ ಡಿ 11 ಬಂದಿದೆ, ಪದೇ ಪದೇ ನೆಗಡಿ. ಅನುಭವ ಇದ್ದವರು ಹೇಳ್ತೀರಾ?

ಕೇಳಿದವರು, ಮೈಸೂರು ಸರಸ್ವತಿಪುರಂ:
ನನಗೆ 34 ವರ್ಷ. ಬೆಳಗ್ಗೆ ಆಫೀಸಿನೊಳಗೆ ಹೋದರೆ ಹೊರಗೆ ಬರುವಷ್ಟರಲ್ಲಿ ಕತ್ತಲು. ಈ ವರ್ಷ ನಾಲ್ಕು ಸಲ ನೆಗಡಿ, ಕೆಮ್ಮು. ರಕ್ತ ಕೊಟ್ಟು ನೋಡಿಸಿದರೆ ವಿಟಮಿನ್ ಡಿ 11, ತೀರಾ ಕಡಿಮೆಯಂತೆ. ಡಾಕ್ಟರ್ ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿ, ಎಂಟು ವಾರಕ್ಕೆ ಬರೆದರು. "ಇದು ಮೂಳೆಗಷ್ಟೇ ಅಲ್ಲ, ರೋಗ ತಡೆಯೋ ಕಣಗಳು ಬೆಳೆಯೋದಕ್ಕೂ ಬೇಕು" ಅಂದರು. ಹೌದಾ? ಜಾಸ್ತಿ ತಗೊಂಡರೆ ಬೇಗ ಸರಿಹೋಗುತ್ತಾ?

ಮಂಡ್ಯದಿಂದ:
ಹೌದು ಕಣಮ್ಮ, ನಿಮ್ಮ ಡಾಕ್ಟರ್ ಸರಿಯಾಗೇ ಹೇಳಿದ್ದಾರೆ. ಇಲ್ಲಿ ಪಿಯು ಮಕ್ಕಳಿಗೆ ಬಹಳ ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮನ್ನು ಕಾಯುವ ಟಿ ಕಣಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು, ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಪಳಗೋದು ಮಾತ್ರ ಎದೆಮೂಳೆಯ ಹಿಂದೆ ಇರುವ ಥೈಮಸ್ ಗ್ರಂಥಿಯಲ್ಲಿ. ಮೈಸೂರಿನ ಗರಡಿಮನೆ ನೆನೆಸಿಕೊಳ್ಳಿ. ಎಳೆಯ ಕಣ ಅಲ್ಲಿಗೆ ಬಂದು, ಯಾವುದು ನಮ್ಮ ದೇಹದ್ದು, ಯಾವುದು ಹೊರಗಿನದು ಅಂತ ಕಲಿಯಬೇಕು. ನಮ್ಮ ದೇಹದ ಮೇಲೇ ಕೈಮಾಡುವ ಕಣವನ್ನು ಥೈಮಸ್ ಅಲ್ಲೇ ಮುಗಿಸಿಬಿಡುತ್ತದೆ. 2024ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು, ವಿಟಮಿನ್ ಡಿಯನ್ನು ಬಳಸುವ ರೂಪಕ್ಕೆ ತರಲಾಗದ ಇಲಿಗಳಲ್ಲಿ ಥೈಮಸ್ ಬೇಗ ಮುದಿಯಾಗೋದನ್ನು ಕಂಡರು. ಕಲಿಕೆ ಸಡಿಲವಾದರೆ ತಪ್ಪು ಕಣಗಳು ತಪ್ಪಿಸಿಕೊಂಡು ಹೊರಬೀಳುತ್ತವೆ. ಇದು ಇಲಿಯಲ್ಲಿ ಕಂಡದ್ದು, ಮನುಷ್ಯರಲ್ಲಿ ಅಲ್ಲ, ಅದು ನೆನಪಿರಲಿ.

ಪಳಗಿದ ಮೇಲೂ ಡಿ ಬೇಕು. ಟಿ ಕಣ ರೋಗಾಣುವನ್ನು ಗುರುತಿಸಿದ ಕೂಡಲೇ ವಿಟಮಿನ್ ಡಿಗಾಗಿ ಕೈ ಚಾಚುತ್ತದೆ. ಸಿಗದಿದ್ದರೆ ಪೂರ್ತಿ ಎಚ್ಚರವಾಗಲ್ಲ. 2010ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ತೋರಿಸಿದ್ದು ಇದನ್ನೇ. ಇನ್ನೊಂದು ಮಾತು, ನನಗೆ ಇದೇ ಮುಖ್ಯ ಅನ್ನಿಸುತ್ತದೆ: ಕಣಗಳು ಅತಿಯಾಗಿ ಕೆರಳದಂತೆ ತಡೆಯೋದೂ ಇದೇ ಡಿ. ಅದಕ್ಕೇ ಇದನ್ನು ಶಕ್ತಿ ಕೊಡೋ ಟಾನಿಕ್ ಅಂದ್ಕೋಬೇಡಿ. ಕೊರತೆ ತುಂಬಬೇಕು, ಅಷ್ಟೇ. ತುಂಬಿದರೆ ನೆಗಡಿಯೇ ಬರಲ್ಲ ಅಂತಲೂ ಅಲ್ಲ.

ಮೈಸೂರು, ಯಾದವಗಿರಿಯಿಂದ:
ನಮ್ಮ ತಾತನಿಗೆ ಕ್ಷಯ ಬಂದಾಗ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆಯಲ್ಲಿದ್ದರು. ದಿನಾ ಮಂಚವನ್ನು ಬಿಸಿಲಿಗೆ ಎಳೆಸುತ್ತಿದ್ದರಂತೆ. ಆಗ ಕಾರಣ ಗೊತ್ತಿರಲಿಲ್ಲ. 2006ರಲ್ಲಿ ತಿಳಿದುಬಂತು: ಕ್ಷಯದ ರೋಗಾಣುವನ್ನು ನುಂಗುವ ಕಣಗಳು ಡಿ ಸಾಕಷ್ಟಿದ್ದರೆ ಕ್ಯಾಥೆಲಿಸಿಡಿನ್ ಎಂಬ ಪ್ರೋಟೀನ್ ತಯಾರಿಸಿ ಅದನ್ನು ಕೊಲ್ಲುತ್ತವೆ. ಹಾಗಂತ ಬಿಸಿಲಲ್ಲಿ ಕೂತರೆ ಕ್ಷಯ ಹೋಗಲ್ಲ, ಕ್ಷಯದ ಮಾತ್ರೆ ನುಂಗಲೇಬೇಕು.

ಮದ್ದೂರಿನಿಂದ:
ಅಕ್ಕ, ಜಾಸ್ತಿ ಮಾತ್ರ ತಗೋಬೇಡಿ, ದಯವಿಟ್ಟು. ನಮ್ಮಪ್ಪನಿಗೆ ಇದೇ ಪುಡಿ ಬರೆದಿದ್ದರು. ಅಂಗಡಿಯವರು ಕವರಿನ ಮೇಲೆ ಒಂದು ಗೀಟು ಎಳೆದು ಕೊಟ್ಟರು. ಅಪ್ಪ ದಿನಕ್ಕೊಂದು ಅಂದ್ಕೊಂಡು ರಾತ್ರಿ ಹಾಲಿಗೆ ಕಲಸಿ ಕುಡಿದರು, ಎರಡು ತಿಂಗಳಿಗೂ ಮೇಲೆ. ಖಾಲಿ ಆದಾಗೆಲ್ಲ ಅದೇ ಕವರ್ ತೋರಿಸಿ ಇನ್ನಷ್ಟು ತರುತ್ತಿದ್ದರು. ಆಮೇಲೆ ಊಟ ಸೇರಲಿಲ್ಲ. ವಾಂತಿ, ತಡೆಯಲಾರದ ಬಾಯಾರಿಕೆ, ಗಂಟೆಗೊಮ್ಮೆ ಬಚ್ಚಲು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಒಂಬತ್ತು ದಿನ ಡ್ರಿಪ್ ಹಾಕಿದರು. ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಅನ್ನುತ್ತದೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅಂದರೆ ಆ ಒಂದು ಪೊಟ್ಟಣದಲ್ಲೇ ನೂರು ದಿನದ ಪಾಲು ಇದೆ. ಅದನ್ನು ಅಪ್ಪ ದಿನಾ ಕುಡಿದರು. ಆ ಪುಡಿಯನ್ನು ಈಗಲೂ ಮನೆಯಲ್ಲಿ ನೋಡೋಕಾಗಲ್ಲ ನನಗೆ.

ಮಂಡ್ಯದಿಂದ, ಮತ್ತೆ:
ಬಿಸಿಲಿನ ವಿಷಯ ಬಿಟ್ಟಿದ್ದೆ. ಬೆಳಗಿನ ಎಳೆ ಬಿಸಿಲು ಹಿತ, ಆದರೆ ಅದರಲ್ಲಿ ಡಿ ಹುಟ್ಟೋದು ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರೋ ಹೊತ್ತು ಬೇಕು, ಮಹಡಿ ಮೇಲೆ ಹಪ್ಪಳ ಒಣಗುತ್ತಲ್ಲ ಆ ಹೊತ್ತು. ಆಫೀಸಿನ ಕಿಟಕಿ ಗಾಜು ಆ ಕಿರಣ ಬಿಡಲ್ಲ. ಊಟದ ಬಿಡುವಿನಲ್ಲಿ ಬಟ್ಟೆಯ ತೋಳು ಮೇಲಕ್ಕೆ ಮಡಚಿ ಸ್ವಲ್ಪ ಹೊತ್ತು ಹೊರಗೆ ನಡೆಯಿರಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮದ್ದೂರಿನವರೇ, ನಿಮ್ಮಪ್ಪ ಈಗ ಹೇಗಿದ್ದಾರೆ? ಎಂಟು ಪೊಟ್ಟಣದ ಮೇಲೂ ಎಂಟು ಭಾನುವಾರದ ತಾರೀಖು ಬರೆದಿಟ್ಟೆ.