‘ಆರಂಭಿಕ ನಷ್ಟ’ ಅಂದರೆ ಸರಿಯಾದೀತೇ?

ಜೋರು ಮಳೆ ಬಿದ್ದಾಗ ಎಷ್ಟು ನೀರು ನೆಲದ ಮೇಲೆ ಹರಿದುಹೋಗುತ್ತದೆ ಎಂದು ಅಂದಾಜು ಮಾಡುವ ಲೆಕ್ಕಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇಂಗ್ಲಿಷ್ ಪದಗಳಿಗೆ ಕನ್ನಡದ ಮಾತು ಹುಡುಕುತ್ತಿದ್ದೇನೆ. ‘ರನ್‌ಆಫ್’ಗೆ ‘ಮೇಲ್ಹರಿವು’ ಎಂದು ಹಾಕಿಕೊಂಡೆ. ಬರೀ ‘ಹರಿವು’ ಎಂದರೆ ನದಿಯದ್ದೂ ಆಗುತ್ತದೆ. ‘ಒಳಹರಿವು’ ಅಂತೂ ಪೇಪರಿನವರು ಅಣೆಕಟ್ಟೆಗೆ ಕೊಟ್ಟುಬಿಟ್ಟಿದ್ದಾರೆ. ಅಲ್ಲಿಗೆ ಅದು ಮುಗಿಯಿತು. ಸಿಕ್ಕಿಕೊಂಡಿರುವುದು ‘ಇನಿಶಿಯಲ್ ಅಬ್‌ಸ್ಟ್ರಾಕ್ಷನ್’ ಹತ್ತಿರ.

ಮಳೆ ಶುರುವಾದ ಕೂಡಲೇ ನೀರು ಹರಿಯುವುದಿಲ್ಲ ಅಲ್ವಾ? ಮೊದಲು ಎಲೆಗಳು ನೆನೆಯಬೇಕು, ತಗ್ಗುಗಳು ತುಂಬಬೇಕು, ಒಣ ಮಣ್ಣು ಕುಡಿಯಬೇಕು. ಆ ಪಾಲೇ ಇದು. ಅಮೆರಿಕದ ಮಣ್ಣು ಸಂರಕ್ಷಣಾ ಸಂಸ್ಥೆ 1950ರ ದಶಕದಲ್ಲಿ ಕೊಟ್ಟ ಕರ್ವ್ ನಂಬರ್ (ನೆಲದ ಮೇಲೆ ನೀರು ಎಷ್ಟು ಸುಲಭವಾಗಿ ಹರಿದುಹೋಗುತ್ತದೆ ಎಂದು ಹೇಳುವ ಅಂಕಿ, ಅದು ಹೆಚ್ಚಿದಷ್ಟೂ ಹರಿವು ಹೆಚ್ಚು) ವಿಧಾನದಲ್ಲಿ, ನೆಲ ಹಿಡಿದಿಡಬಲ್ಲ ಗರಿಷ್ಠ ನೀರಿನಲ್ಲಿ 0.2 ಪಾಲನ್ನು ಇದಕ್ಕೆ ಬಿಡುತ್ತಾರೆ. ಈ ಲೆಕ್ಕದ ಮಾದರಿಯನ್ನು ತಿದ್ದುವವರು ಕೈಹಾಕಿರುವುದೂ ಇಲ್ಲಿಗೇ. 0.05 ಸಾಕು ಎನ್ನುವವರು ಈಗ ಜಾಸ್ತಿ.

ಕರ್ವ್ ನಂಬರ್ 80 ಇರುವ ನೆಲ ತೆಗೆದುಕೊಳ್ಳಿ. ಹಿಡಿದಿಡಬಲ್ಲದ್ದು 63.5 ಮಿ.ಮೀ., ಮೊದಲ ಪಾಲು 12.7. ಹಾಗಾಗಿ 12 ಮಿ.ಮೀ. ಮಳೆಗೆ ಉತ್ತರ ಸೊನ್ನೆ. 50 ಮಿ.ಮೀ. ಬಿದ್ದರೆ ಸುಮಾರು 13.8 ಹರಿಯುತ್ತದೆ. 0.05ಕ್ಕೆ ಇಳಿಸಿದರೆ (ಸುಮ್ನೆ ಆ ಅಂಕಿ ಬದಲಿಸಿದರೆ ಸಾಲದು, ಹಿಡಿದಿಡುವ ಪ್ರಮಾಣವನ್ನೂ ಮತ್ತೆ ಲೆಕ್ಕ ಹಾಕಬೇಕು) 50ರ ಉತ್ತರ ಅಷ್ಟೇನೂ ಕದಲುವುದಿಲ್ಲ. ಸಣ್ಣ ಮಳೆಯಲ್ಲಿ ಮಾತ್ರ ಸೊನ್ನೆ ಇದ್ದ ಕಡೆ ಸ್ವಲ್ಪ ನೀರು ಕಾಣುತ್ತದೆ.

ಇದನ್ನು ‘ಆರಂಭಿಕ ನಷ್ಟ’ ಎಂದರೆ ನೀರು ಹಾಳಾಯಿತು ಅನ್ನಿಸುತ್ತದೆ. ಬೆಳೆಗೆ ಸಿಗುವ ನೀರೂ ಅದರಲ್ಲಿದೆ. ನಷ್ಟವಾಗುವುದು ಹರಿವಿನ ಲೆಕ್ಕಕ್ಕೆ ಅಷ್ಟೇ. ‘ಮೊದಲ ಇಂಗು’ ಅನ್ನೋಣವೆಂದರೆ ಎಲೆ ಮೇಲಿನ ನೀರು ಇಂಗುವುದಿಲ್ಲ. ‘ಮೊದಲ ಕಡಿತ’ ಸೂತ್ರಕ್ಕೆ ಚೆನ್ನಾಗಿ ಹೊಂದುತ್ತದೆ, ಮಳೆಯಿಂದ ಇದನ್ನು ಕಳೆದೇ ಮುಂದಿನ ಲೆಕ್ಕ. ಆದರೆ ಕಡಿತ ಅಂದ ಕೂಡಲೇ ಸಂಬಳವೋ ಸೊಳ್ಳೆಯೋ ನೆನಪಾಗುತ್ತದೆ! ನನ್ನ ಒಲವು ‘ಮೊದಲ ತಡೆ’ ಕಡೆಗೆ. ಎಲೆ, ತಗ್ಗು, ಮಣ್ಣು ಮೂರೂ ನೀರನ್ನು ತಡೆಯುತ್ತವೆ.

ಜೊತೆಗೆ ಇದೇ ಲೆಕ್ಕದ ಇನ್ನೊಂದು ಪದ. ಹಿಂದಿನ 5 ದಿನದ ಮಳೆ ನೋಡಿ ಮಣ್ಣನ್ನು ಒಣ, ಸಾಧಾರಣ, ತೊಯ್ದದ್ದು ಎಂದು ಮೂರು ಬಗೆ ಮಾಡುವ ರೂಢಿಯಿದೆ. ಇದಕ್ಕೆ ‘ಹದ’ ಎನ್ನಲು ಆಸೆಯಾಯಿತು. ಆದರೆ ಹದವೆಂದರೆ ಬಿತ್ತನೆಗೆ ತಕ್ಕ ತೇವ. ಕೆಸರಾದ ನೆಲಕ್ಕೆ ಹದ ಎನ್ನಲಾದೀತೇ? ಸದ್ಯಕ್ಕೆ ‘ಹಿಂದಿನ ಹಸಿ’ ಎಂದು ಬರೆದಿಟ್ಟಿದ್ದೇನೆ.

‘ತಡೆ’ಯಲ್ಲಿ ಅಡ್ಡಿ ಎನ್ನುವ ಅರ್ಥವೇ ಮೊದಲು ಕೇಳಿಸುತ್ತದೆಯೇ? ಮಣ್ಣು, ನೀರಿನ ಕೆಲಸದಲ್ಲಿರುವವರು ಬೇರೆ ಮಾತು ಬಳಸುತ್ತಿದ್ದರೆ ತಿಳಿಸಿ.